ಎರಡು ಬೆರಳಿನ ಇಳಿಜಾರು

ಇದನ್ನು ಹೇಳುವುದನ್ನು ನಾನು ಹನ್ನೊಂದು ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲು ಮಗಳ ಓದು ಮುಗಿಯಲಿ ಎಂದೆ. ಆಮೇಲೆ ಅವಳ ಮದುವೆ ಆಗಲಿ ಎಂದೆ. ಆಮೇಲೆ ಹೆಂಡತಿ ತೀರಿಹೋದಳು, ಈ ವರ್ಷ ಬೇಡ ಎಂದೆ. ಈಗ ಉಳಿದಿರುವುದು ಆರು ದಿನ. ಬರುವ ಬುಧವಾರ ಸಂಜೆ ಬಹರೈನಿನ ಮನಾಮಾದಿಂದ ಮಕ್ಕಾದ ಉಮ್ರಾ ಯಾತ್ರೆಗೆ ಹೋಗುವ ಬಸ್ಸು ಹೊರಡುತ್ತದೆ. ಅದರಲ್ಲಿ ಕಿಟಕಿ ಪಕ್ಕದ ಒಂದು ಸೀಟು ನನ್ನ ಹೆಸರಿನಲ್ಲಿದೆ.

ನಮ್ಮ ಬ್ಯಾರಿಗಳಲ್ಲಿ ಒಂದು ಪದ್ಧತಿ ಇದೆ. ಮಕ್ಕಾಕ್ಕೆ ಹೊರಡುವವನು ಹೊರಡುವ ಮೊದಲು ನೆಂಟರು, ನೆರೆಯವರು, ಜೊತೆಗೆ ದುಡಿದವರು ಎಲ್ಲರಲ್ಲೂ, ನನ್ನಿಂದ ಏನಾದರೂ ತಪ್ಪಾಗಿದ್ದರೆ ಬಿಟ್ಟುಬಿಡಿ ಎಂದು ಕೇಳಿಕೊಳ್ಳಬೇಕು. ದೇವರಿಗೆ ಮಾಡಿದ ತಪ್ಪನ್ನು ದೇವರು ಕ್ಷಮಿಸಬಹುದು, ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಬಿಡಬೇಕು ಎಂದು ಮದ್ರಸದಲ್ಲಿ ನಮಗೆ ಕಲಿಸಿದ್ದರು. ಎರಡು ವಾರದಿಂದ ಫೋನು ಹಿಡಿದು ಇದೇ ಕೆಲಸ ಮಾಡುತ್ತಿದ್ದೇನೆ. ಹೆಚ್ಚಿನವರು ಅಯ್ಯೋ, ನಿಮ್ಮಿಂದ ಎಂತ ತಪ್ಪು ಎಂದರು. ಊರಿನಲ್ಲಿರುವ ದೊಡ್ಡಪ್ಪನ ಮಗ ಮಾತ್ರ, "ಎಲ್ಲ ಬಿಟ್ಟೆ ಮೂಸಾ, ಆದ್ರೆ ನನ್ನ ಸೈಕಲ್ ಬಾವಿಗೆ ಹಾಕಿದ್ದನ್ನು ಬಿಡುದಿಲ್ಲ. ಅದನ್ನು ಅಲ್ಲಿ ಮೇಲೆ ಹೋದ ಮೇಲೆ ಮಾತಾಡುವ" ಎಂದು ಕೆಮ್ಮು ಬರುವಷ್ಟು ನಕ್ಕ.

ಎಲ್ಲರನ್ನೂ ಕೇಳಿದೆ. ಒಬ್ಬನನ್ನು ಬಿಟ್ಟು. ಅವನನ್ನು ಬಿಟ್ಟು ಉಳಿದವರನ್ನೆಲ್ಲ ಕೇಳುತ್ತ ಹೋದಷ್ಟೂ ಎದೆಯೊಳಗೆ ಹೆದರಿಕೆ ಹೆಚ್ಚಿತು.

ನಾನೀಗ ಈಸಾ ಟೌನ್‌ನಲ್ಲಿ ಮಗಳು ಸಫಿಯಾಳ ಮನೆಯಲ್ಲಿದ್ದೇನೆ. ಅವಳು ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಪ್ರಯಾಣಕ್ಕೆ ಮೊದಲು ಹೃದಯದ ಪರೀಕ್ಷೆ ಮಾಡಿಸಲೇಬೇಕು ಎಂದು ಹಟ ಹಿಡಿದು ಮೊನ್ನೆ ಕಾರಿನಲ್ಲಿ ಕರೆದುಕೊಂಡು ಹೋದಳು. ಯಾವ ಆಸ್ಪತ್ರೆ ಎಂದು ಕೇಳಿದ್ದೆ. ನಿಮ್ಮ ಇನ್ಶೂರೆನ್ಸ್ ಕಾರ್ಡು ಎಲ್ಲಿ ನಡೆಯುತ್ತದೋ ಅಲ್ಲಿ ಎಂದಳು. ಕಾರು ಕೊನೆಯ ತಿರುವು ತೆಗೆದುಕೊಂಡಾಗ ಗೊತ್ತಾಯಿತು. ಹನ್ನೊಂದು ವರ್ಷ ಜ್ವರಕ್ಕಾಗಲಿ, ಹಲ್ಲುನೋವಿಗಾಗಲಿ, ಯಾರನ್ನೋ ನೋಡಲಿಕ್ಕಾಗಲಿ ನಾನು ಕಾಲಿಡದೆ ತಪ್ಪಿಸಿಕೊಂಡ ಕಟ್ಟಡ ಅದು.

ನನ್ನನ್ನು ಚಕ್ರದ ಮಂಚದ ಮೇಲೆ ಮಲಗಿಸಿ ಉತ್ತರದ ಕಾರಿಡಾರಿನಲ್ಲಿ ತಳ್ಳಿಕೊಂಡು ಹೋದರು. ಪರೀಕ್ಷೆಯ ಕೋಣೆ ಖಾಲಿಯಾಗಿರಲಿಲ್ಲ. ಮಂಚವನ್ನು ಗೋಡೆಯ ಹತ್ತಿರ ನಿಲ್ಲಿಸಿ ಬಾಗಿಲು ಬಡಿಯಲು ಅಟೆಂಡರ್ ಕೈಬಿಟ್ಟ. ನಾನು ಮಲಗಿದ್ದ ಮಂಚ, ಯಾರೂ ಮುಟ್ಟದೆ, ಅಂಗಳದ ಬಾಗಿಲಿನ ಕಡೆಗೆ ನಿಧಾನವಾಗಿ ಹೊರಟಿತು. ಅಟೆಂಡರ್ ತಿರುಗಿಯೂ ನೋಡದೆ ಹಿಂದಿನ ಚಕ್ರಕ್ಕೆ ಬೂಟು ಅಡ್ಡ ಕೊಟ್ಟ. ನನ್ನ ಮುಖ ನೋಡಿ ಹಿಂದಿಯಲ್ಲಿ ಹೇಳಿದ: "ಹೆದರಬೇಡಿ ಚಾಚಾ. ಈ ಕಾರಿಡಾರಿನಲ್ಲಿ ಎಲ್ಲ ಬೆಡ್ಡೂ ಹೀಗೇ. ತಾವೇ ಅಂಗಳ ನೋಡಲು ಹೊರಡುತ್ತವೆ."

ಪರೀಕ್ಷೆಯಲ್ಲಿ ನನ್ನ ಎದೆಬಡಿತದ ಗೆರೆಗಳು ಎದ್ದುಬಿದ್ದು ಬಂದವು. ನರ್ಸು, ಟೆನ್ಷನ್ ಉಂಟಾ ಅಂಕಲ್ ಎಂದು ಕೇಳಿದಳು. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ತೆಗೆಯುವ ಎಂದು ಡಾಕ್ಟರ್ ಹೇಳಿದರು. ಆ ಅರ್ಧ ಗಂಟೆ ನಾನು ಕಾರಿಡಾರಿನ ಬೆಂಚಿನಲ್ಲಿ ಕುಳಿತು ನೆಲವನ್ನು ನೋಡುತ್ತಿದ್ದೆ. ಅದು ನಾನು ಹಾಕಿಸಿದ ನೆಲ.

ಆಸ್ಪತ್ರೆ ಆಗುವ ಮೊದಲು ಅದು ಲೇಬರ್ ಕ್ಯಾಂಪ್ ಆಗಿತ್ತು. ಒಂದು ದೊಡ್ಡ ಕಂಪನಿ ತನ್ನ ಕೆಲಸಗಾರರನ್ನು ಇಡಲು ಕಟ್ಟಿಸಿದ್ದು. ಸುತ್ತ ನಾಲ್ಕೂ ಕಡೆ ಎರಡು ಮಾಳಿಗೆ, ನಡುವೆ ಅಂಗಳ, ಅಂಗಳದಲ್ಲಿ ಉದ್ದಕ್ಕೆ ಸಿಮೆಂಟಿನ ತೊಟ್ಟಿ, ತೊಟ್ಟಿಯ ಮೇಲೆ ಸಾಲು ನಲ್ಲಿಗಳು. ಒಂದೊಂದು ಕೋಣೆಯಲ್ಲಿ ಹನ್ನೆರಡು ಮಂದಿ, ಮಂಚದ ಮೇಲೆ ಮಂಚ. ಕಿಟಕಿಗಳು ಆಳೆತ್ತರಕ್ಕಿಂತ ಮೇಲೆ. ಗೋಡೆಗೆ ಎದೆಮಟ್ಟದ ತನಕ ಹಸಿರು ಎಣ್ಣೆ ಬಣ್ಣ. ಕೋಣೆಯ ಬಾಗಿಲುಗಳ ಚಿಲಕ ಹೊರಗಡೆ. ಗೇಟಿನ ಹತ್ತಿರ ಕಾವಲುಗಾರನ ಗೂಡು ಹೇಗಿತ್ತೆಂದರೆ, ಕುರ್ಚಿಯಿಂದ ಏಳದೆ ಅವನಿಗೆ ಅಷ್ಟೂ ಬಾಗಿಲುಗಳು ಕಾಣಬೇಕು. ಮೊದಲ ದಿನ ನಕ್ಷೆ ಹಿಡಿದು ಒಳಗೆ ಹೋದಾಗ ನನಗೆ ಅರ್ಥವಾಗದ್ದು ನೆಲ. ಎಲ್ಲ ಕಾರಿಡಾರುಗಳೂ ಹಿಂಬದಿಯಿಂದ ಅಂಗಳದ ಕಡೆಗೆ ವಾಲಿದ್ದವು. ಕೆಟ್ಟ ಕೆಲಸ ಎಂದುಕೊಂಡೆ. ಆಮೇಲೆ ತಿಳಿಯಿತು, ಅದು ಬೇಕೆಂದೇ ಮಾಡಿದ್ದು. ಶುಕ್ರವಾರ ಬೆಳಿಗ್ಗೆ ಹಿಂಬದಿಯಿಂದ ಪೈಪು ಹಿಡಿದು ನೀರು ಬಿಟ್ಟರೆ ಕಸ, ಎಂಜಲು, ಎಲ್ಲ ತೊಳೆದುಕೊಂಡು ತಾನಾಗಿ ಅಂಗಳದ ಗಟಾರಕ್ಕೆ ಹೋಗಬೇಕು. ಮನುಷ್ಯರನ್ನು ಒಳಗಿಟ್ಟುಕೊಂಡೇ ತೊಳೆಯಬಹುದಾದ ಕಟ್ಟಡ.

ಇದನ್ನೇ ಆಸ್ಪತ್ರೆ ಮಾಡಬೇಕಿತ್ತು. ನಕ್ಷೆ ಮಾಡಿದ ಆರ್ಕಿಟೆಕ್ಟ್ ಮೇಡಂ ವಾರಕ್ಕೊಮ್ಮೆ ಬರುತ್ತಿದ್ದರು. ಕೆಡವಿ ಹೊಸದು ಕಟ್ಟುವುದೇ ಸುಲಭವಲ್ಲವೇ ಎಂದು ನಾನು ಕೇಳಿದ್ದಕ್ಕೆ, ಅಂಗಳ ಇರುವ ಕಟ್ಟಡವನ್ನು ಕೆಡವಬಾರದು ಎಂದಿದ್ದರು. ಹನ್ನೆರಡು ಮಂದಿಯ ಕೋಣೆ ಒಬ್ಬ ರೋಗಿಗೆ ಆಯಿತು. ನಲ್ಲಿಯ ತೊಟ್ಟಿ ಒಡೆದು ಗಿಡ ನೆಟ್ಟೆವು. ಹಿಂಬದಿಯ ಅಡುಗೆಮನೆಯ ಚಾವಣಿಯಲ್ಲಿ ಬೆರಳುದ್ದ ಮಸಿ ಕಟ್ಟಿತ್ತು. ಅದರ ತಗಡು ಬಿಚ್ಚಿ, ಗೋಡೆ ಒಡೆದು, ಎಕ್ಸ್‌ರೇ ಕೋಣೆಗೆ ಜಾಗ ಮಾಡಿದೆವು. ಬಾಗಿಲುಗಳನ್ನೆಲ್ಲ ಅಗಲ ಮಾಡಬೇಕಾಯಿತು. ಕ್ಯಾಂಪಿನ ಬಾಗಿಲು ನಡೆದುಹೋಗುವ ಮನುಷ್ಯನ ಅಳತೆಗೆ ಇಟ್ಟದ್ದು. ಆಸ್ಪತ್ರೆಯಲ್ಲಿ ಮಲಗಿದವನೂ ಮಂಚದ ಸಮೇತ ದಾಟಬೇಕು.

ನಾನು ಅಲ್ಲಿ ಫೋರ್‌ಮನ್. ಎಸ್ಸೆಲ್ಸಿ ಓದಿ ಹತ್ತೊಂಬತ್ತನೇ ವಯಸ್ಸಿಗೆ ಊರು ಬಿಟ್ಟವನು, ಗಾರೆ ಕೆಲಸದಿಂದ ಮೇಲೆ ಬಂದವನು. ಆಗ ನನಗೆ ಐವತ್ತೆಂಟು. ವೀಸಾ ಆ ಸಪ್ಟೆಂಬರಿನಲ್ಲಿ ಮುಗಿಯುವುದಿತ್ತು. ಕಂಪನಿಯ ಮಂದೂಬ್, ಅಂದರೆ ಸರಕಾರಿ ಕಚೇರಿಗಳಲ್ಲಿ ನಮ್ಮ ಕಾಗದಪತ್ರ ಓಡಾಡಿಸುವವನು, ಈ ಸಲ ಮಾಡಿಸುತ್ತೇವೋ ಇಲ್ಲವೋ ಈ ಕೆಲಸ ಹೇಗೆ ಮುಗಿಯುತ್ತದೆ ನೋಡಿ ಹೇಳುತ್ತೇವೆ ಎಂದಿದ್ದ. ಸಫಿಯಾ ನನ್ನ ವೀಸಾದ ಮೇಲೆ ಇಲ್ಲಿದ್ದವಳು, ಹನ್ನೆರಡನೇ ಕ್ಲಾಸು. ನನ್ನ ವೀಸಾ ಹೋದರೆ ಅವಳ ವೀಸಾವೂ ಹೋಯಿತು, ವರ್ಷದ ನಡುವೆ ಶಾಲೆಯೂ ಹೋಯಿತು. ಆ ಬೇಸಿಗೆಯಲ್ಲಿ ನಾನು ಉಂಡದ್ದು, ಮಲಗಿದ್ದು, ನಮಾಜಿಗೆ ನಿಂತದ್ದು ಎಲ್ಲ ಈ ಹೆದರಿಕೆಯ ಜೊತೆಗೇ.

ಅವನನ್ನು ನಾವೆಲ್ಲ ಹದಿನಾಲ್ಕು ಎಂದು ಕರೆಯುತ್ತಿದ್ದೆವು. ಮೊದಲ ದಿನ ನಮ್ಮ ತಂಡದೊಂದಿಗೆ ಕೆಳಗಿನ ಮಾಳಿಗೆಯಲ್ಲಿ ನಡೆಯುತ್ತಿದ್ದವನು ಹದಿನಾಲ್ಕನೇ ನಂಬರಿನ ಬಾಗಿಲ ಮುಂದೆ ನಿಂತುಬಿಟ್ಟ. ಇದು ನನ್ನ ರೂಮು ಎಂದ. ಅದೇ ಕ್ಯಾಂಪಿನಲ್ಲಿ ಒಂಬತ್ತು ವರ್ಷ ಇದ್ದವನು, ಆ ಕಂಪನಿ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದಿದ್ದ. ಊರು ಬೆಳ್ತಂಗಡಿ ಕಡೆ. ನಲವತ್ತರ ಆಸುಪಾಸು, ತೆಳ್ಳಗಿನ ಆಳು, ಎಡಗೈ ಹೆಬ್ಬೆರಳಿನ ಉಗುರು ಸುತ್ತಿಗೆ ಬಿದ್ದು ಎರಡು ಸೀಳಾಗಿತ್ತು. ನಮ್ಮಿಬ್ಬರ ಮಾತು ಅರ್ಧ ತುಳು, ಅರ್ಧ ಕನ್ನಡ. ಅವನು ನನ್ನನ್ನು ಊರಿನ ಮರ್ಯಾದೆಯಲ್ಲಿ ಬ್ಯಾರಿಗಳೇ ಎನ್ನುತ್ತಿದ್ದ.

ಕಟ್ಟಡದ ಒಂದೊಂದು ಗುಟ್ಟೂ ಅವನಿಗೆ ಗೊತ್ತಿತ್ತು. ಯಾವ ಗೋಡೆಯೊಳಗೆ ಪೈಪು ಹೋಗಿದೆ, ಯಾವ ಮೂಲೆಯಲ್ಲಿ ಮಳೆ ಬಂದರೆ ಸೋರುತ್ತದೆ, ನಕ್ಷೆಯಲ್ಲಿ ಇಲ್ಲದ್ದನ್ನು ಅವನು ಹೇಳುತ್ತಿದ್ದ. ಆಸ್ಪತ್ರೆ ಶುರುವಾದ ಮೇಲೆ ರಿಪೇರಿ ಕೆಲಸಕ್ಕೆ ನಮ್ಮ ತಂಡದಿಂದ ಇಬ್ಬರನ್ನು ಖಾಯಂ ತೆಗೆದುಕೊಳ್ಳುತ್ತಾರೆ ಎಂಬ ಮಾತಿತ್ತು. ಮೊದಲ ಹೆಸರು ಅವನದೇ ಎಂದು ಎಲ್ಲರಿಗೂ ಗೊತ್ತಿತ್ತು. "ಇಲ್ಲಿ ಒಂಬತ್ತು ವರ್ಷ ಬೆವರಿದ್ದೇನೆ ಬ್ಯಾರಿಗಳೇ, ಇನ್ನು ಇಲ್ಲೇ ಒಂದಿಷ್ಟು ತಂಪಿನಲ್ಲಿ ಕೂತ್ಕೊಳ್ಬೇಕು" ಎನ್ನುತ್ತಿದ್ದ.

ಅವನ ಹಳೆಯ ಕೋಣೆಯ ಕಿಟಕಿ ಒಡೆದು ಕೆಳಗಿಳಿಸಿದ ದಿನ ನೆನಪಿದೆ. ಮಲಗಿದ ರೋಗಿಗೆ ಹೊರಗೆ ಕಾಣಬೇಕು, ಅದಕ್ಕೆ ಎಲ್ಲ ಕಿಟಕಿಗಳನ್ನೂ ಮೊಣಕಾಲಿನ ಎತ್ತರಕ್ಕೆ ಇಳಿಸುವುದೆಂದು ಮೇಡಂ ಬರೆದಿದ್ದರು. ಕಲ್ಲು ಬಿದ್ದು ಧೂಳು ಅಡಗಿದ ಮೇಲೆ ಅವನು ತನ್ನ ಮಂಚ ಇದ್ದ ಜಾಗದಲ್ಲಿ ನೆಲದ ಮೇಲೆ ಉದ್ದಕ್ಕೆ ಮಲಗಿದ. ಉಳಿದವರು ನಕ್ಕರು, ರೋಗಿಗೆ ಗ್ಲೂಕೋಸು ತನ್ನಿ ಎಂದು ಕೂಗಿದರು. ಅವನು ಮಲಗಿಕೊಂಡೇ, "ಇಲ್ಲಿಂದ ಖರ್ಜೂರದ ಮರ ಕಾಣ್ತದೆ" ಎಂದ. ಆ ಮರದ ಪಕ್ಕದಲ್ಲೇ ಒಂಬತ್ತು ವರ್ಷ ದಿನವೂ ಬಸ್ ಹತ್ತಿದ್ದನಂತೆ. ಕೋಣೆಯಿಂದ ಕಾಣಬಹುದು ಎಂದು ಗೊತ್ತಿರಲಿಲ್ಲವಂತೆ.

ಆಗಸ್ಟಿನಲ್ಲಿ ನೆಲದ ಕೆಲಸ. ಉತ್ತರದ ಕಾರಿಡಾರಿನ ಹಳೆಯ ಇಳಿಜಾರಿನ ಮೇಲೆ ಹೊಸ ಸಿಮೆಂಟಿನ ಪದರ ಹಾಕಿ ಸಮ ಮಾಡಬೇಕು, ಆಮೇಲೆ ಅದರ ಮೇಲೆ ರಬ್ಬರಿನಂಥ ಶೀಟು. ಸಮ ಮಾಡಲು ಮೊದಲು ಗೋಡೆಯ ಮೇಲೆ ಮಟ್ಟದ ಗೆರೆ ಬೇಕು. ಲೇಸರಿನ ಯಂತ್ರ ಒಂದೇ ಇತ್ತು, ಅದು ಮೇಲಿನ ಮಾಳಿಗೆಯಲ್ಲಿತ್ತು. ನಾನು ನನ್ನ ಹಳೆಯ ಲೆವೆಲ್ ಪೈಪು ತೆಗೆದೆ. ಮೂವತ್ತು ವರ್ಷದ ನನ್ನ ಹೆಮ್ಮೆ ಅದು. ಬೆರಳು ದಪ್ಪದ, ನೀರು ಕಾಣುವ ಉದ್ದನೆಯ ಪ್ಲಾಸ್ಟಿಕ್ ಪೈಪು. ಒಳಗೆ ಬಟ್ಟೆಗೆ ಹಾಕುವ ನೀಲಿ ಬೆರೆಸಿದ ನೀರು. ಎರಡು ತುದಿಯನ್ನು ಇಬ್ಬರು ಗೋಡೆಗೆ ಹಿಡಿದು ನಿಲ್ಲುತ್ತೇವೆ. ನೀರು ಏರಿಳಿದು ನಿಂತಾಗ ಎರಡು ತುದಿಯಲ್ಲೂ ಒಂದೇ ಮಟ್ಟ. ಆಗ ಒಬ್ಬ ಸರಿ ಎನ್ನುತ್ತಾನೆ, ಇನ್ನೊಬ್ಬನೂ ಸರಿ ಎನ್ನುತ್ತಾನೆ, ಆಮೇಲೆಯೇ ಪೆನ್ಸಿಲಿನ ಗುರುತು. ಎರಡು ಸರಿ ಕೇಳದೆ ಗುರುತು ಹಾಕುವಂತಿಲ್ಲ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಈ ಒಂದು ವಿಷಯಕ್ಕೆ ನನ್ನ ಕಿವಿ ಹಿಂಡಿದ್ದರು.

ಅಂಗಳದ ಬಾಗಿಲಿನ ತುದಿಯಲ್ಲಿ, ನೆರಳಿನಲ್ಲಿ, ನಾನು ನಿಂತೆ. ಅಡುಗೆಮನೆಯ ತುದಿಯಲ್ಲಿ ಚಾವಣಿ ಬಿಚ್ಚಿಯಾಗಿತ್ತು, ಅಲ್ಲಿ ಅವನು ನಿಂತ. ಬಿಸಿಲು ನೇರ ಅವನ ನೆತ್ತಿಯ ಮೇಲೆ. ಪೈಪಿನ ಆ ಭಾಗ ಬೆಳಿಗ್ಗೆಯಿಂದ ಅಲ್ಲೇ ಬಿದ್ದು ಕಾದಿತ್ತು. ಹನ್ನೆರಡಕ್ಕೆ ಇನ್ನು ಹತ್ತು ನಿಮಿಷ. ಜುಲೈ, ಆಗಸ್ಟಿನಲ್ಲಿ ಹನ್ನೆರಡರಿಂದ ನಾಲ್ಕರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ನಾಲ್ಕಕ್ಕೆ ಸಿಮೆಂಟ್ ಹಾಕುವ ತಂಡ ಬಂದು ನಿಲ್ಲುತ್ತದೆ. ಗೆರೆ ಇಲ್ಲದಿದ್ದರೆ ಅವರು ವಾಪಸ್, ನನಗೆ ಎಂಜಿನಿಯರರಿಂದ ಪೂಜೆ.

ನಾನು ಸರಿ ಎಂದೆ. ಆ ಕಡೆಯಿಂದ ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ.

"ಇಲ್ಲ ಬ್ಯಾರಿಗಳೇ. ನೀರು ಕಾದು ಚಾ ಆಗಿದೆ, ಈ ಕಡೆ ಉಬ್ಬಿ ಮೇಲೆ ನಿಲ್ತದೆ. ಒಳಗೆ ಗುಳ್ಳೆ ಉಂಟು, ಇಷ್ಟುದ್ದ. ಪೈಪು ಒಮ್ಮೆ ಖಾಲಿ ಮಾಡಿ ತುಂಬಿಸುವ."

"ಎಷ್ಟು ಹೊತ್ತಿಗೆ ತುಂಬಿಸ್ತೀಯ? ನೀರು ನಿಂತಿದೆಯಾ?"

"ನಿಂತಿದೆ, ಆದ್ರೆ ಸರಿ ಇಲ್ಲ."

"ನಿಂತಲ್ಲಿ ಗುರುತು ಹಾಕು ಮಾರಾಯ. ನಾನು ಈ ಪೈಪು ಹಿಡಿಯಲಿಕ್ಕೆ ಶುರು ಮಾಡಿದಾಗ ನೀನು ಚಡ್ಡಿ ಹಾಕ್ತಿದ್ದಿ."

ಅವನು ಗುರುತು ಹಾಕಿದ. ಸರಿ ಎಂದು ಹೇಳಲಿಲ್ಲ. ಆ ಎರಡನೆಯ ಸರಿ ನನಗೆ ಕೇಳಿಸಲಿಲ್ಲ ಎಂಬುದು ನನಗೆ ಆಗಲೇ ಗೊತ್ತಿತ್ತು. ನಾನು ಬಣ್ಣದ ದಾರ ಎಳೆದು ಎರಡು ಗುರುತುಗಳ ನಡುವೆ ಗೆರೆ ಹೊಡೆದೆ.

ಸಿಮೆಂಟ್ ಒಣಗಿದ ಮೂರನೇ ದಿನ ಅವನು ನನ್ನನ್ನು ಕಾರಿಡಾರಿಗೆ ಕರೆದ. ಸೇಫ್ಟಿ ಬೂಟು ಬಿಚ್ಚಿ ಬರಿಗಾಲಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದ. ಒಂಬತ್ತು ವರ್ಷ ನೀರಿನ ಬಕೆಟು ಹಿಡಿದು ಅದೇ ದಾರಿಯಲ್ಲಿ ನಡೆದ ಕಾಲು. ಬಕೆಟಿನ ನೀರು ಯಾವ ಕಡೆ ತುಳುಕುತ್ತದೆ ಎಂದು ಆ ಕಾಲಿಗೆ ಗೊತ್ತು. "ಹಳೆಯ ಇಳಿಜಾರು ಹೋಗಿಲ್ಲ. ಅಡುಗೆಮನೆಯ ಕಡೆ ಎರಡು ಬೆರಳು ಎತ್ತರ ಉಂಟು. ನಾವು ಮೇಲಿಂದ ಅಂಗಿ ಹಾಕಿದ್ದು ಅಷ್ಟೆ" ಎಂದ.

ನಾನು ನಂಬದವನ ಹಾಗೆ ಮಾಡಿದೆ. ಎಲ್ಲರೂ ಊಟಕ್ಕೆ ಹೋದ ಮೇಲೆ ಬಾಟಲಿಯಿಂದ ನೀರು ಸುರಿದು ನೋಡಿದೆ. ನೀರು ಒಂದು ಕ್ಷಣ ನಿಂತಿತು, ಆಮೇಲೆ ತಲೆ ಚಾಚಿ ಅಂಗಳದ ಕಡೆ ಹೊರಟಿತು. ಅಂಗಿಯ ತುದಿಯಿಂದ ಒರೆಸಿದೆ.

ಅವನು ಬಿಡಲಿಲ್ಲ. ಈಗ ಹೇಳಿದರೆ ಮೂರು ದಿನದ ಕೆಲಸ, ಶೀಟು ಅಂಟಿಸಿದ ಮೇಲೆ ಮೂರು ವಾರದ್ದು ಎಂದ. ತಾನೇ ಎಂಜಿನಿಯರರ ಹತ್ತಿರ ಹೋಗಿ ಹೇಳುತ್ತೇನೆ, ಪೈಪಿನಲ್ಲಿ ಗುಳ್ಳೆ ಇತ್ತು ಎಂದು ಹೇಳಿದರಾಯಿತು, ನಿಮ್ಮ ಹೆಸರು ಯಾಕೆ ಬರಬೇಕು ಎಂದ. ಬಾಯಿ ಮುಚ್ಚಿಕೊಂಡಿರು, ನಿನ್ನ ಕೆಲಸ ನೀನು ನೋಡು ಎಂದು ನಾನು ಗದರಿಸಿದೆ. ಮಂದೂಬ್ ಆ ವಾರವೇ ನನ್ನ ಕಾಗದಗಳನ್ನು ಕೇಳಿದ್ದ. ಫೋಟೋ, ಪಾಸ್‌ಪೋರ್ಟು ಅವನ ಚೀಲದಲ್ಲಿದ್ದವು. ಅವು ಮುದ್ರೆ ಬಿದ್ದು ವಾಪಸ್ ಬರುವ ತನಕ ನೆಲ ಸುಮ್ಮನಿರಬೇಕು, ಇದೊಂದೇ ನನ್ನ ಪ್ರಾರ್ಥನೆ.

ಶೀಟು ಬಂತು. ಅಂಟಿಸಿದರು. ಕಾರಿಡಾರು ಕೆರೆಯ ನೀರಿನ ಹಾಗೆ ಹೊಳೆಯಿತು. ಯಾರಾದರೂ ಅಲ್ಲಿ ಕೈಗಾಡಿ ತಳ್ಳಿಕೊಂಡು ಬಂದರೆ ನಾನು ಎಲ್ಲಿದ್ದರೂ ಓಡಿಹೋಗಿ ಅದರ ಹಿಡಿಕೆ ಹಿಡಿದುಕೊಳ್ಳುತ್ತಿದ್ದೆ. ಮೂಸಾ ಮೇಸ್ತ್ರಿಗೆ ವಯಸ್ಸಾದ ಮೇಲೆ ಸಹಾಯಬುದ್ಧಿ ಬಂದಿದೆ ಎಂದು ಹುಡುಗರು ತಮಾಷೆ ಮಾಡಿದರು. ಹದಿನಾಲ್ಕು ದೂರದಿಂದ ನೋಡುತ್ತಿದ್ದ, ನಗುತ್ತಿರಲಿಲ್ಲ.

ಎರಡು ವಾರದ ಮೇಲೆ ಆಸ್ಪತ್ರೆಯವರು, ಆರ್ಕಿಟೆಕ್ಟ್ ಮೇಡಂ, ನಮ್ಮ ಎಂಜಿನಿಯರ್ ಎಲ್ಲ ನೋಡಲು ಬಂದರು. ಎಲ್ಲರಿಗೂ ಖುಷಿಯಾಗಿತ್ತು. ಹೊಸ ಬಾಗಿಲುಗಳಲ್ಲಿ ಮಂಚ ಹಿಡಿಸುತ್ತದೋ ಎಂದು ನೋಡಲು ಆಗ ತಾನೇ ಬಂದಿದ್ದ ಒಂದು ಹೊಸ ಮಂಚವನ್ನು ತರಿಸಿದರು. ಹಿಡಿಸಿತು. ಮಂಚವನ್ನು ಕಾರಿಡಾರಿನ ನಡುವೆ ಬಿಟ್ಟು ಎಲ್ಲರೂ ಕಿಟಕಿಗಳ ಬಗ್ಗೆ ಮಾತಾಡುತ್ತಿದ್ದರು. ನಾನು ಮಂಚದಿಂದ ಐದಾರು ಹೆಜ್ಜೆ ದೂರದಲ್ಲಿದ್ದೆ. ಹೋಗಿ ಹಿಡಿದುಕೊಳ್ಳುವ ಎಂದರೆ ನಡುವೆ ದೊಡ್ಡವರು ನಿಂತಿದ್ದರು.

ಮಂಚ ಹೊರಟಿತು. ಬಿಳಿ ಹಾಸಿಗೆಯ, ಖಾಲಿ ಮಂಚ, ಸದ್ದಿಲ್ಲದೆ, ಯಾರನ್ನೋ ಹೊತ್ತುಕೊಂಡು ಹೋಗುವ ಹಾಗೆ. ಮಾತು ಒಂದೊಂದಾಗಿ ನಿಂತಿತು. ಎಲ್ಲರೂ ತಿರುಗಿ ನೋಡಿದರು, ಯಾರೂ ಅಲುಗಾಡಲಿಲ್ಲ. ಅದು ಅಷ್ಟು ದೂರ ಹೋಗಿ ಅಂಗಳದ ಗಾಜಿನ ಬಾಗಿಲಿಗೆ ಮೆಲ್ಲನೆ ತಾಗಿ ನಿಂತಿತು. ಗಾಜು ಒಡೆಯಲಿಲ್ಲ.

ಎಂಜಿನಿಯರ್ ನಾಗಪುರದ ಕಡೆಯವರು, ದನಿ ಎತ್ತುವವರಲ್ಲ. ಸಂಜೆ ನಮ್ಮಿಬ್ಬರನ್ನೂ ಕಾರಿಡಾರಿನಲ್ಲಿ ನಿಲ್ಲಿಸಿ, ಅಡುಗೆಮನೆಯ ತುದಿಯ ಗುರುತು ಹಾಕಿದ್ದು ಯಾರು ಎಂದು ಹಿಂದಿಯಲ್ಲಿ ಕೇಳಿದರು.

ಸತ್ಯ ಹೇಳಲು ನನಗೆ ಸಮಯವಿತ್ತು. ಯೋಚಿಸಲೂ ಸಮಯವಿತ್ತು. ಅವಸರದಲ್ಲಿ ಬಾಯಿಂದ ಬಿದ್ದ ಮಾತಲ್ಲ ಅದು. ಆ ತುದಿಯ ಗುರುತು ಇವನು ಹಾಕಿದ್ದು, ಪೈಪಿನಲ್ಲಿ ಗುಳ್ಳೆ ಇದ್ದದ್ದನ್ನು ನನಗೆ ಹೇಳಲಿಲ್ಲ ಎಂದೆ. ಎಂಜಿನಿಯರರಿಗೆ ಹದಿನಾಲ್ಕು ಎಂದರೆ ಗೊತ್ತಾಗುವುದಿಲ್ಲ. ರಿಪೋರ್ಟಿನಲ್ಲಿ ಬರೆಯಲು ಪೂರ್ತಿ ಹೆಸರು ಕೇಳಿದರು. ಅವನಿಗೆ ಅವನ ಮನೆಯವರು ಇಟ್ಟ ಹೆಸರನ್ನು ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಲ್ಲಿ. ಅವರು ಅವನ ಕಡೆ ನೋಡಿದರು, ನಿನಗೇನಾದರೂ ಹೇಳಲಿಕ್ಕಿದೆಯೇ ಎನ್ನುವ ಹಾಗೆ. ಅವನು ನೋಡಿದ್ದು ನನ್ನ ಕಡೆ. ಗುರುತು ನನ್ನ ಕೈಯದೇ ಸಾರ್ ಎಂದ. ಅಷ್ಟೇ.

ಅವನು ಯಾಕೆ ಹಾಗೆ ಮಾಡಿದ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸಫಿಯಾಳ ಶಾಲೆಯ ವಿಷಯ ಅವನಿಗೆ ಗೊತ್ತಿತ್ತು. ಊಟದ ಹೊತ್ತಿನಲ್ಲಿ ನಾನೇ ಹೇಳಿಕೊಂಡಿದ್ದೆ. ಅದಕ್ಕಾಗಿ ಇರಬಹುದು. ಇಲ್ಲದಿದ್ದರೆ, ಫೋರ್‌ಮನ್ನಿನ ಮಾತಿನ ಎದುರು ತನ್ನ ಮಾತು ನಡೆಯುವುದಿಲ್ಲ ಎಂದು ಗೊತ್ತಿದ್ದದ್ದಕ್ಕೂ ಇರಬಹುದು. ಮೊದಲನೆಯದು ನಿಜವಾದರೆ ನನಗೆ ಹೆಚ್ಚು ಕಷ್ಟ.

ವಾರದೊಳಗೆ ಅವನ ವೀಸಾ ಕ್ಯಾನ್ಸಲ್ ಮಾಡಿ ಟಿಕೆಟು ಕೈಗೆ ಕೊಟ್ಟರು. ಹೊರಡುವ ದಿನ ಬೆಳಿಗ್ಗೆ ಅವನು ಸಾಮಾನಿನ ಶೆಡ್ಡಿಗೆ ಬಂದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರವಾಗುತ್ತಿದ್ದೆನೋ ಏನೋ. ಅವನ ಕೈಯಲ್ಲಿ ನನ್ನ ಲೆವೆಲ್ ಪೈಪು ಇತ್ತು. ನೀರು ಖಾಲಿ ಮಾಡಿ, ಒರೆಸಿ, ಸುತ್ತಿ, ಹುಳ ಹೋಗದ ಹಾಗೆ ಎರಡು ತುದಿಗೂ ಪ್ಲಾಸ್ಟಿಕ್ ಕಟ್ಟಿದ್ದ.

"ಇನ್ನೊಂದು ಸಲ ಹಿಡಿಯುವಾಗ ಎರಡೂ ತುದಿ ನೆರಳಿನಲ್ಲಿ ಇಟ್ಕೊಳ್ಳಿ ಬ್ಯಾರಿಗಳೇ" ಎಂದ.

ಸರಿ ಎಂದೆ. ಅವನೊಡನೆ ನಾನು ಆಡಿದ ಕೊನೆಯ ಮಾತು ಅದು.

ನನ್ನ ವೀಸಾ ಆಯಿತು. ಸಫಿಯಾ ಹನ್ನೆರಡನೇ ಕ್ಲಾಸು ಒಳ್ಳೆಯ ಮಾರ್ಕಿನಲ್ಲಿ ಪಾಸಾದಳು. ಕಾರಿಡಾರಿನಲ್ಲಿ ಅಂಗಳದ ಹತ್ತಿರ ಒಂದಿಷ್ಟು ಶೀಟು ಕಿತ್ತು ನೆಲ ಎತ್ತರಿಸಿದರು. ಉಳಿದದ್ದಕ್ಕೆ ಸಮಯವಿಲ್ಲವೆಂದು ಹಾಗೇ ಬಿಟ್ಟರು. ರಿಪೇರಿ ಕೆಲಸಕ್ಕೆ ಯಾರೋ ಬೇರೆ ಇಬ್ಬರನ್ನು ತೆಗೆದುಕೊಂಡರು.

ಇನ್ನೊಂದನ್ನೂ ಹೇಳಿ ಮುಗಿಸಬೇಕು. ಮೂರು ವರ್ಷದ ನಂತರ ರಜೆಯಲ್ಲಿ ಊರಿಗೆ ಹೋದಾಗ ಮಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಕಂಡೆ. ನಾನು ಹತ್ತಿ ಕುಳಿತಿದ್ದ ಬಸ್ಸಿಗೇ ಅವನು ಬರುತ್ತಿದ್ದ. ಅಂಗಿಯ ತೋಳಿನಲ್ಲಿ ಒಣಗಿದ ಸಿಮೆಂಟು, ಕೈಯಲ್ಲಿ ಒಂದು ತೆಂಗಿನ ಸಸಿ. ಅವನು ಮುಂದಿನ ಬಾಗಿಲಿನಿಂದ ಹತ್ತಿದ. ನಾನು ಹಿಂದಿನ ಬಾಗಿಲಿನಿಂದ ಇಳಿದೆ. ಹೂವಿನ ಅಂಗಡಿಯ ಹಿಂದೆ ನಿಂತು ಬಸ್ಸು ಹೋಗುವುದನ್ನು ನೋಡಿದೆ. ವೀ‌ಸಾ, ಶಾಲೆ, ಎಂಜಿನಿಯರ್, ಇವು ಯಾವುದೂ ಆ ದಿನ ಇರಲಿಲ್ಲ. ಇಳಿದದ್ದು ನಾನೇ.

ಮೊನ್ನೆ ಎರಡನೆಯ ಪರೀಕ್ಷೆಯಲ್ಲಿ ಎದೆಬಡಿತ ಸರಿ ಬಂತು, ಹೋಗಬಹುದು ಎಂದರು. ಹೊರಗೆ ಬರುವಾಗ ಅವನ ಕೋಣೆಯ ಬಾಗಿಲು ತೆರೆದಿತ್ತು. ಈಗ ನಂಬರು ಬೇರೆ. ಒಬ್ಬ ಮುದುಕ ಮಗ್ಗುಲಾಗಿ ಮಲಗಿ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಮರ ಈಗಲೂ ಇದೆ.

ಕಾರಿನಲ್ಲಿ ಸಫಿಯಾಳಿಗೆ ಎಲ್ಲ ಹೇಳಿದೆ. ಪೈಪಿನಿಂದ ಹಿಡಿದು ಬಸ್ ಸ್ಟ್ಯಾಂಡಿನ ತನಕ. ನಿನ್ನ ಶಾಲೆ ಅರ್ಧಕ್ಕೆ ನಿಲ್ಲಬಾರದೆಂದು ಹಾಗೆ ಮಾಡಿಬಿಟ್ಟೆ ಎಂದೂ ಸೇರಿಸಿದೆ. ಈಸಾ ಟೌನಿನ ಕೆಂಪು ಸಿಗ್ನಲ್ಲಿನಲ್ಲಿ ಅವಳು ಕಾರು ನಿಲ್ಲಿಸಿದಳು.

"ನನಗೋಸ್ಕರ ಅಂತ ಹೇಳ್ಬೇಡಿ ಉಪ್ಪ. ನಂಗೆ ಆಗ ಹದಿನೇಳು. ಕೇಳಿದ್ದಿದ್ರೆ ಊರಿಗೆ ಹೋಗುವ ಅಂತ ನಾನೇ ಹೇಳ್ತಿದ್ದೆ."

ಅವಳು ಸ್ಟಿಯರಿಂಗ್ ಬಿಟ್ಟು ನನ್ನ ಕಡೆ ತಿರುಗಿದಳು.

"ಉಮ್ರಾಕ್ಕೆ ಬಸ್ಸು ಮುಂದಿನ ತಿಂಗಳೂ ಉಂಟು. ಮೊದಲು ಅವರನ್ನು ಹುಡುಕುವ. ಅವರ ಹೆಸರೆಂತ?"

"ಹದಿನಾಲ್ಕು ಅಂತ ಕರೀತಿದ್ದದ್ದು."

"ಅದು ರೂಮಿನ ನಂಬರು. ಹೆಸರು ಕೇಳಿದ್ದು ನಾನು."

ಸಿಗ್ನಲ್ ಹಸಿರಾಯಿತು. ಹಿಂದಿನ ಕಾರುಗಳು ಹಾರ್ನ್ ಹೊಡೆದವು. ಅವಳು ಕಾರು ಮುಂದೆ ಬಿಡದೆ ನನ್ನನ್ನೇ ನೋಡುತ್ತಿದ್ದಳು. ನನ್ನ ಬಾಯಿಂದ ಹೆಸರು ಹೊರಡಲಿಲ್ಲ. ಮರೆತಿದ್ದೆ ಎಂದಲ್ಲ.

ಇದನ್ನು ಬರೆಯಲು ಶುರು ಮಾಡಿದಾಗ ನನ್ನ ಹೆಸರಿನಲ್ಲಿದ್ದ ಬಸ್ಸಿನ ಸೀಟನ್ನು ನಿನ್ನೆ ಬೇರೆಯವರಿಗೆ ಬಿಟ್ಟುಕೊಟ್ಟೆ. ಶನಿವಾರ ಮಂಗಳೂರಿಗೆ ವಿಮಾನ. ಅಲ್ಲಿಂದ ಬೆಳ್ತಂಗಡಿಗೆ ಹೋಗಿ ಸಿಮೆಂಟ್ ಕೆಲಸದವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಬೇಕು. ಹೆಸರು ಬಾಯಿಗೆ ಬರದಿದ್ದರೆ, ಎಡಗೈ ಹೆಬ್ಬೆರಳಿನ ಉಗುರು ಎರಡು ಸೀಳಾದವನು, ಬಹರೈನಿನಲ್ಲಿ ಒಂಬತ್ತು ವರ್ಷ ಒಂದೇ ಕೋಣೆಯಲ್ಲಿದ್ದವನು ಎಂದು ಕೇಳಬೇಕು. ಅವನು ಸಿಕ್ಕರೆ ಬಿಟ್ಟೆ ಎನ್ನುತ್ತಾನೋ ಇಲ್ಲವೋ ಗೊತ್ತಿಲ್ಲ. ಹಾಗೆನ್ನಬೇಕೆಂದು ಕೇಳುವ ಹಕ್ಕೂ ನನಗಿಲ್ಲ. ಅಲ್ಲಿ ಹೋಗಿ ನಿಲ್ಲುವ ಮೊದಲು ಅವನ ಹೆಸರು ನನ್ನ ಕೈಯಿಂದಾದರೂ ಹೊರಡಲಿ ಎಂದು ಇಷ್ಟೆಲ್ಲ ಬರೆದೆ. ಅದನ್ನು ಈ ತನಕ ನಾನು ಹೇಳಿದ್ದು ಒಂದೇ ಸಲ, ಅವನನ್ನು ಕಳೆಯುವುದಕ್ಕೆ.

ಐತಪ್ಪ ಮೂಲ್ಯ.